ತೋಟದ ಕೆಲಸಕ್ಕೂ ಮನೆಯ ಬಳಕೆಗೂ: ಟ್ಯಾಬ್ ಕೊಳ್ಳಲೇ, ದೊಡ್ಡ ಫೋನ್ ಕೊಳ್ಳಲೇ?

ಪ್ರಶ್ನೆ: ಹನಿನೀರು (ಮೇಗರವಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಸುತ್ತಿನ ಅಡಿಕೆ ತೋಟಗಳಿಗೆ ಹೋಗಿ, ಹನಿ ನೀರಾವರಿಗೂ ಸ್ಪ್ರಿಂಕ್ಲರಿಗೂ ಬೇಕಾದ ಪೈಪುಗಳ ಅಳತೆ ತೆಗೆದು, ಅಂದಾಜು ಪಟ್ಟಿ ಬರೆದುಕೊಟ್ಟು, ಮುಂಗಡ ಪಡೆದು ಕೆಲಸ ಮಾಡಿಸಿಕೊಡುವುದು ನನ್ನ ಉದ್ಯೋಗ. ಇಷ್ಟು ವರ್ಷವೂ ಅಳತೆಯ ಟೇಪು, ಒಂದು ನೋಟ್‌ಬುಕ್ಕು ಮತ್ತು ಒಂದು ಫೋನು, ಈ ಮೂರರಲ್ಲೇ ಎಲ್ಲವನ್ನೂ ನಡೆಸಿಕೊಂಡು ಬಂದಿದ್ದೇನೆ. ಈಗಿನ ಫೋನಿಗೆ ನಾಲ್ಕು ವರ್ಷ ತುಂಬಿದೆ. ಕಂಪನಿಯಿಂದ ಭದ್ರತಾ ಅಪ್‌ಡೇಟ್ ಬರುವುದು ನಿಂತಿದೆ, ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಖಾಲಿಯಾಗುತ್ತದೆ.

ಹೊಸದನ್ನು ಕೊಳ್ಳಲೇಬೇಕೆಂದು ನಿಶ್ಚಯವಾದದ್ದು ಮೇ ತಿಂಗಳ ಕೊನೆಯಲ್ಲಿ. ಗುಡ್ಡೇಕೇರಿ ಹತ್ತಿರದ ಒಂದು ಮನೆಯ ಜಗಲಿಯ ತುದಿಯಲ್ಲಿ ಕುಳಿತು ಪಟ್ಟಿಯನ್ನು ಫೋನಿನಲ್ಲಿಯೇ ತುಂಬಿಸುತ್ತಿದ್ದೆ. ಮಾಡಿನ ಹಂಚಿನಿಂದ ಜಾರಿದ ಹನಿಯೊಂದು ಪರದೆಯ ಮೇಲೆ ಬಿತ್ತು, ಅದನ್ನು ಸೆರಗಿನಿಂದ ಒರೆಸಿದೆ, ಅಷ್ಟರಲ್ಲಿ 240 ಅಡಿ ಎಂದಿದ್ದ ಪೈಪು 2400 ಅಡಿಯಾಗಿ ಕೂತಿತ್ತು. ನಾನು ಗಮನಿಸಲಿಲ್ಲ. ಮನೆಯ ಯಜಮಾನರು ಫೋನನ್ನು ಕೈಯಳತೆಯ ದೂರಕ್ಕೆ ಹಿಡಿದು, ಹತ್ತಿರ ತಂದು, ಕನ್ನಡಕ ಹಣೆಗೇರಿಸಿ ಮೊತ್ತ ಓದಿದವರೇ, "ಇದೇನಮ್ಮಾ, ನೀರು ನಮ್ಮ ತೋಟಕ್ಕೋ, ಆಗುಂಬೆಗೋ?" ಎಂದರು. ಎಲ್ಲರೂ ನಕ್ಕರು, ನನಗೆ ಮಾತ್ರ ಬೆವರಿತು.

ಆದ್ದರಿಂದ ನನ್ನ ಅಗತ್ಯಗಳನ್ನು ಹೇಳಿಬಿಡುತ್ತೇನೆ. ತೋಟದಲ್ಲಿ ನಿಂತು ಸ್ಥಳ ಗುರುತಿಸಿ ಫೋಟೊ ತೆಗೆಯಬೇಕು, ಕಾಲುವೆ ಮತ್ತು ಬಾವಿಯ ನಕ್ಷೆಯನ್ನು ಕೈಯಿಂದ ಬರೆದುಕೊಳ್ಳುವಂತಿದ್ದರೆ ಒಳ್ಳೆಯದು, ಪಟ್ಟಿಯನ್ನು ವಯಸ್ಸಾದವರಿಗೂ ಕಾಣುವಂತೆ ತೋರಿಸಬೇಕು, ಮುಂಗಡವನ್ನು ಯುಪಿಐ ಮೂಲಕ ಅಲ್ಲಿಯೇ ಪಡೆಯಬೇಕು. ಸಂಜೆ ಮನೆಯಲ್ಲಿ ಅಪ್ಪಯ್ಯನಿಗೆ ಯಕ್ಷಗಾನ ನೋಡಲು ಮತ್ತು ಪೇಪರ್ ಓದಲು, ಅಣ್ಣನ ಮಗಳಿಗೆ ಪಿಯುಸಿ ಪಾಠಕ್ಕೆ ಅದು ಒದಗಬೇಕು. ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದೆ. ಮೊಬೈಲ್ ಸಿಗ್ನಲ್ ಬೇಕೆಂದರೆ ಮಾತ್ರ ಮನೆ ಹಿಂದಿನ ದಿಣ್ಣೆ ಹತ್ತಬೇಕು.

ಕೈಯಲ್ಲಿರುವುದು 40,000 ರೂಪಾಯಿ. ಬೆಂಗಳೂರಿನಲ್ಲಿರುವ ಅತ್ತಿಗೆಯ ತಮ್ಮ ಕಣ್ಣು ಮುಚ್ಚಿಕೊಂಡು ಐಪ್ಯಾಡ್ ಕೊಳ್ಳಿ ಎನ್ನುತ್ತಾನೆ. ಶಿವಮೊಗ್ಗದ ಅಂಗಡಿಯವರು ಆಂಡ್ರಾಯ್ಡ್ ಟ್ಯಾಬ್ ತೋರಿಸಿ, ಅದರ ಮರುಕ್ಷಣವೇ ಟ್ಯಾಬ್ ಏಕೆ, ದೊಡ್ಡ ಫೋನ್ ಒಂದಿದ್ದರೆ ಸಾಕು ಎಂದು ಇನ್ನೊಂದು ಪೆಟ್ಟಿಗೆ ಮುಂದಿಟ್ಟರು. ದಿನವೂ ತೋಟ ತಿರುಗುವವರು ಯಾರಾದರೂ ಅನುಭವದಿಂದ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಹಿನ್ನೀರಿನಾಚೆ (ತುಮರಿ)

ನಮಸ್ಕಾರ. ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವನು, ಜೊತೆಗೆ ಸ್ವಲ್ಪ ತೋಟವೂ ಇದೆ. ನಿಮ್ಮ ಪ್ರಶ್ನೆಯಲ್ಲಿ ಪರದೆಯ ಗಾತ್ರಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ಮೂರು ಸಂಗತಿಗಳಿವೆ: ಆ ಸಾಧನಕ್ಕೆ ಸಿಮ್ ಹಾಕಬಹುದೇ, ಹಾಕಿದ ಸಿಮ್‌ನಿಂದ ಎಸ್ಸೆಮ್ಮೆಸ್ ಹೋಗಿ ಬರುತ್ತದೆಯೇ, ಒಳಗೆ ಜಿಪಿಎಸ್ ಇದೆಯೇ. ಇವನ್ನು ಕೇಳದೆ ಪ್ರೊಸೆಸರ್, ಕ್ಯಾಮೆರಾ ಎಂದು ಹೋಲಿಸುತ್ತ ಕುಳಿತರೆ ನನಗಾದದ್ದೇ ನಿಮಗೂ ಆಗುತ್ತದೆ.

ನಾನು ಮೂರು ವರ್ಷದ ಹಿಂದೆ, ಅಂಗಡಿಯವರ ಮಾತು ಕೇಳಿ, ವೈಫೈ ಮಾತ್ರ ಇರುವ ಒಂದು ಟ್ಯಾಬ್ ಕೊಂಡೆ. ಸರ್ವೆ ನಂಬರಿನ ಗಡಿ ನೋಡೋಣವೆಂದು ತೋಟದ ಮೂಲೆಗೆ ಹೋಗಿ ನಿಂತರೆ, ನಕ್ಷೆಯ ನೀಲಿ ಚುಕ್ಕೆ ನಮ್ಮ ಮನೆಯ ಮೇಲೆಯೇ ಕುಳಿತು ಅಲುಗಾಡಲಿಲ್ಲ. ಅದರೊಳಗೆ ಜಿಪಿಎಸ್ ಇರಲೇ ಇಲ್ಲ. ಸುತ್ತಲಿನ ವೈಫೈಗಳನ್ನು ನೋಡಿ ಸ್ಥಳ ಊಹಿಸುವ ಸಾಧನಕ್ಕೆ ನಮ್ಮ ತೋಟದಲ್ಲಿ ಊಹಿಸಲು ಏನೂ ಸಿಗಲಿಲ್ಲ. ಹಿಂತಿರುಗಿಸೋಣವೆಂದರೆ ಆಗ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆ ಆಗಿರಲಿಲ್ಲ. ನೀರು ದಾಟಿಸುವ ಲಾಂಚಿಗೆ ಸರತಿ ನಿಂತು, ಶಿವಮೊಗ್ಗ ತಲುಪಿ, ಪೆಟ್ಟಿಗೆ ಒಡೆದ ಮೇಲೆ ವಾಪಸ್ ಇಲ್ಲ ಎಂಬ ಉತ್ತರ ಕೇಳಿಕೊಂಡು ಬರುವಷ್ಟರಲ್ಲಿ ಒಂದು ದಿನ ಕಳೆಯಿತು. 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ದಾರಿ ಹಗುರವಾಗಿದೆ, ವಾಪಸಿನ ನಿಯಮ ಮಾತ್ರ ಹಗುರವಾಗಿಲ್ಲ.

ಈಗ ನಿಮ್ಮ ಮುಂದಿರುವ ಆಯ್ಕೆಗಳಿಗೆ ಬರುತ್ತೇನೆ. ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇರುವುದು ಸೆಲ್ಯುಲಾರ್ ಮಾದರಿಗಳಲ್ಲಿ, ಅಂದರೆ ಮೊಬೈಲ್ ಜಾಲಕ್ಕೂ ಸೇರುವಂಥವುಗಳಲ್ಲಿ ಮಾತ್ರ. ವೈಫೈ ಮಾದರಿಗಳಲ್ಲಿ ಇಲ್ಲ. 2025ರಲ್ಲಿ ಬಂದ ಎ16 ಚಿಪ್ಪಿನ ಐಪ್ಯಾಡ್‌ನ ಬೆಲೆ ಬಿಡುಗಡೆಯಾದಾಗ ವೈಫೈ ಮಾದರಿಗೆ 34,900, ಸೆಲ್ಯುಲಾರ್‌ಗೆ 49,900 ಇತ್ತು. ಬರೆಯುವ ಪೆನ್ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಆಪಲ್‌ನ ಪೆನ್‌ಗಳಲ್ಲೇ ಅಗ್ಗದ್ದೆಂದರೆ 7,900. ಕೂಡಿದರೆ 57,800 ಆಯಿತು. ಇಷ್ಟು ಕೊಟ್ಟರೂ ಆ ಸೆಲ್ಯುಲಾರ್ ಐಪ್ಯಾಡ್‌ನಲ್ಲಿ ಸಿಮ್ ತೂರಿಸುವ ಜಾಗವಿಲ್ಲ, ಸಾಧನದೊಳಗೇ ಅಡಕವಾಗಿರುವ ಇ-ಸಿಮ್ ಒಂದೇ ಗತಿ. ಅದೂ ಡೇಟಾಗೆ ಮಾತ್ರ, ಸಾಮಾನ್ಯ ಕರೆಯಾಗಲಿ ಎಸ್ಸೆಮ್ಮೆಸ್ ಆಗಲಿ ಅದರಿಂದ ಆಗದು.

ಎಸ್ಸೆಮ್ಮೆಸ್ ಏಕೆ ಅಷ್ಟು ಮುಖ್ಯವೆಂದರೆ, ಯುಪಿಐ ಆ್ಯಪನ್ನು ಮೊದಲ ಬಾರಿ ತೆರೆದಾಗ, ಬ್ಯಾಂಕಿಗೆ ಕೊಟ್ಟಿರುವ ಸಂಖ್ಯೆಯ ಸಿಮ್‌ನಿಂದ ಆ ಸಾಧನವೇ ಒಂದು ಸಂದೇಶ ಕಳಿಸಿ ಗುರುತು ಖಚಿತಪಡಿಸಿಕೊಳ್ಳುತ್ತದೆ. ಆ ಸಿಮ್ ಆ ಸಾಧನದಲ್ಲಿ ಇಲ್ಲದಿದ್ದರೆ ನೋಂದಣಿ ಅಲ್ಲಿಗೇ ನಿಲ್ಲುತ್ತದೆ. ಒಟಿಪಿಯಾದರೆ ಬೇರೆ ಫೋನಿನಲ್ಲಿ ಬಂದದ್ದನ್ನು ನೋಡಿ ಟೈಪ್ ಮಾಡಬಹುದು. ಇದಕ್ಕೆ ಆ ಉಪಾಯ ನಡೆಯುವುದಿಲ್ಲ. ವಾಟ್ಸಾಪ್ 2025ರ ಮೇ ತಿಂಗಳಲ್ಲಿ ಐಪ್ಯಾಡ್‌ಗೆಂದೇ ಆ್ಯಪ್ ಕೊಟ್ಟಿದೆ ನಿಜ, ಆದರೆ ಅದೂ ಫೋನಿನ ಖಾತೆಗೆ ಜೋಡಿಸಿಕೊಂಡೇ ನಡೆಯಬೇಕು. ಹಾಗಾಗಿ ಟ್ಯಾಬ್ ಕೊಂಡರೂ ಫೋನ್ ತಪ್ಪುವುದಿಲ್ಲ. ಒಂದೇ ಕೊಳ್ಳುವುದಾದರೆ ಅದು ಫೋನೇ ಆಗಿರಬೇಕು.

ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಒಂದೇ ನಿಯಮವಿಲ್ಲ. ಸ್ಯಾಮ್ಸಂಗ್‌ನ 11 ಇಂಚಿನ ಟ್ಯಾಬ್ ಎ9 ಪ್ಲಸ್‌ನ ವೈಫೈ ಮಾದರಿಯಲ್ಲಿಯೂ ಜಿಪಿಎಸ್ ಇದೆ; ಶಿಯೋಮಿ ಪ್ಯಾಡ್ 6ರಲ್ಲಿ ಇಲ್ಲ. ಎ9 ಪ್ಲಸ್‌ಗೆ ಸಿಮ್ ಹಾಕುವ ಮಾದರಿಯೂ ಇದೆ, ಆದರೆ ಸ್ಯಾಮ್ಸಂಗ್‌ನ ಎಸ್ ಪೆನ್ ಅದರ ಮೇಲೆ ಓಡುವುದಿಲ್ಲ. ಪೆನ್ ಬೇಕೇ ಬೇಕೆಂದರೆ ಟ್ಯಾಬ್ ಎಸ್6 ಲೈಟ್ ಅಥವಾ ಎಸ್9 ಎಫ್‌ಇ ನೋಡಿ. ಎರಡರಲ್ಲೂ ಪೆನ್ ಪೆಟ್ಟಿಗೆಯೊಳಗೇ ಬರುತ್ತದೆ, ಬರೆಯಲು ಅದಕ್ಕೆ ಚಾರ್ಜ್ ಬೇಡ.

ಇನ್ನು ಜಿಪಿಎಸ್ ಇದ್ದಮಾತ್ರಕ್ಕೆ ಟೇಪನ್ನು ಅಟ್ಟಕ್ಕೆ ಹಾಕಬೇಡಿ. ಬಯಲಿನಲ್ಲಿ ಫೋನಿನ ಜಿಪಿಎಸ್ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತದೆ, ಅಡಿಕೆ ಮರದ ಚಪ್ಪರದ ಕೆಳಗೆ ಇನ್ನೂ ಹೆಚ್ಚು. ಒಂದು ಗುಂಟೆಯೆಂದರೆ ಹೆಚ್ಚುಕಡಿಮೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. 60 ಮೀಟರ್‌ಗೆ 70 ಮೀಟರ್ ಇರುವ, ಎಕರೆಗಿಂತ ತುಸು ಹೆಚ್ಚಿನ ತೋಟದ ಎರಡು ಬದಿಗಳಲ್ಲಿಯೂ ಐದೈದು ಮೀಟರ್ ಹೆಚ್ಚು ಬಿದ್ದರೆ ಲೆಕ್ಕದಲ್ಲಿ ಆರೂವರೆ ಗುಂಟೆಗಿಂತ ಜಾಸ್ತಿ ತೋಟ ಸೃಷ್ಟಿಯಾಗುತ್ತದೆ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಯಾವುದೆಂದು ತಿಳಿಯಲು, ಬೆಳೆ ಸಮೀಕ್ಷೆಗೆ ಫೋಟೊ ತೆಗೆಯಲು ಇಷ್ಟು ನಿಖರತೆ ನಡೆದೀತು. ಪೈಪಿನ ಬೆಲೆ ಕಟ್ಟಲು ಸಾಲದು. ಒಂದು ಸಮಾಧಾನವೆಂದರೆ ಜಿಪಿಎಸ್‌ಗೆ ಮೊಬೈಲ್ ಸಿಗ್ನಲ್ ಬೇಕಿಲ್ಲ. ನಕ್ಷೆಯನ್ನು ಮನೆಯ ವೈಫೈಯಲ್ಲಿ ಮೊದಲೇ ಇಳಿಸಿಕೊಂಡು ಹೊರಟರೆ ಕಾಡಿನ ಮಧ್ಯದಲ್ಲಿಯೂ ಚುಕ್ಕೆ ನಡೆಯುತ್ತದೆ, ಮೊದಲ ಬಾರಿ ಸ್ವಲ್ಪ ಹೊತ್ತು ಹಿಡಿಯುತ್ತದೆ ಅಷ್ಟೆ.

ಉತ್ತರ 2: ರಿಪೇರಿ ಮೇಜು (ಶಿವಮೊಗ್ಗ)

ಮೇಲಿನವರು ಕೊಳ್ಳುವ ಮೊದಲಿನ ಮಾತು ಹೇಳಿದ್ದಾರೆ, ನಾನು ಕೊಂಡ ಮೇಲಿನದನ್ನು ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಮೇಜಿಗೆ ಬರುವ ಫೋನುಗಳಲ್ಲಿ ಪರದೆ ಒಡೆದವುಗಳಷ್ಟೇ ಸಂಖ್ಯೆಯಲ್ಲಿ ಚಾರ್ಜಿಂಗ್ ಪೋರ್ಟ್ ಕೆಟ್ಟವೂ ಇರುತ್ತವೆ. ಒದ್ದೆಯಾದ ಪೋರ್ಟ್‌ಗೆ ಚಾರ್ಜರ್ ಸಿಕ್ಕಿಸಿದಾಗ ನೀರಿನ ಮೂಲಕ ವಿದ್ಯುತ್ ಹರಿದು ಒಳಗಿನ ಸಣ್ಣ ಪಿನ್‌ಗಳು ಸವೆಯುತ್ತವೆ; ಭೂತಗನ್ನಡಿ ಹಿಡಿದರೆ ಹಳೆಯ ತಾಮ್ರದ ಹಂಡೆಯ ಕಿಲುಬಿನಂಥ ಹಸಿರು ಕಾಣುತ್ತದೆ. ಈಗಿನ ಅನೇಕ ಫೋನುಗಳು ತೇವ ಕಂಡರೆ ಚಾರ್ಜ್ ಮಾಡಲು ನಿರಾಕರಿಸಿ ಎಚ್ಚರಿಕೆ ತೋರಿಸುತ್ತವೆ. ಜನ ಅದನ್ನು ಫೋನ್ ಕೆಟ್ಟಿತೆಂದು ತಿಳಿದು ಒತ್ತಾಯದಿಂದ ಹಾಕುತ್ತಾರೆ. ಹಾಕಬೇಡಿ. ಆಫ್ ಮಾಡಿ, ಪೋರ್ಟ್ ಕೆಳಮುಖವಾಗಿ ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಗೆ ಇಡಿ. ಅಕ್ಕಿ ಡಬ್ಬದಲ್ಲಿ ಹೂಳುವ ಪದ್ಧತಿಯನ್ನಂತೂ ಬಿಟ್ಟೇಬಿಡಿ. ಅಕ್ಕಿಯ ತೌಡು, ನುಚ್ಚು ಒಳಗೆ ಸೇರಿ ನನ್ನ ಕೆಲಸ ಎರಡರಷ್ಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಹಾಕಿ ತಂದವರೂ ಇದ್ದಾರೆ, ಅವರ ವಿಷಯ ಬೇಡ.

ನಿಮ್ಮ 240 ಅಡಿ 2400 ಆದದ್ದಕ್ಕೂ ಕಾರಣವಿದೆ. ಈ ಪರದೆಗಳು ಬೆರಳಿನ ಒತ್ತಡವನ್ನಲ್ಲ, ಬೆರಳು ಬಂದಾಗ ಗಾಜಿನಡಿಯ ವಿದ್ಯುತ್ ಕ್ಷೇತ್ರದಲ್ಲಿ ಆಗುವ ಬದಲಾವಣೆಯನ್ನು ಗುರುತಿಸುತ್ತವೆ. ನೀರಿನ ಹನಿಯೂ ಅಂಥದೇ ಬದಲಾವಣೆ ಉಂಟುಮಾಡುವುದರಿಂದ, ಒರೆಸುವಾಗ ಹನಿ ಹರಡಿದಲ್ಲೆಲ್ಲ ಬೆರಳಿಟ್ಟಂತೆ ಲೆಕ್ಕವಾಗುತ್ತದೆ. ಐಪಿ68 ಎಂದು ಬರೆದಿರುವ ಸಾಧನಕ್ಕೂ ಈ ತೊಂದರೆ ತಪ್ಪಿದ್ದಲ್ಲ. ಆ ಗುರುತು ನೀರು ಒಳಗೆ ಹೋಗುವುದಿಲ್ಲವೆಂದು ಹೇಳುತ್ತದೆಯೇ ಹೊರತು ಒದ್ದೆ ಪರದೆ ಮಾತು ಕೇಳುತ್ತದೆಂದು ಹೇಳುವುದಿಲ್ಲ. ಮತ್ತೊಂದು ಮಾತು: ಆ ಪರೀಕ್ಷೆ ನಡೆಯುವುದು ಹೊಸ ಸಾಧನಕ್ಕೆ, ಶುದ್ಧ ನೀರಿನಲ್ಲಿ. ಮೈಲುತುತ್ತ, ಸುಣ್ಣ ಕದಡಿದ ಬೋರ್ಡೋ ದ್ರಾವಣದ ಕೈಗೆ ಅದು ಅನ್ವಯಿಸದು. ನೀರು ಹೋಗಿ ಕೆಟ್ಟರೆ ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ. ಐಪ್ಯಾಡ್‌ಗಳಿಗೆ ಐಪಿ ಗುರುತೇ ಇಲ್ಲ; ಹಿಂದಿನವರು ಹೇಳಿದ ಎಸ್9 ಎಫ್‌ಇಗೆ ಐಪಿ68 ಇದೆ, ಅದರ ಪೆನ್‌ಗೂ ಇದೆ. ಎಸ್6 ಲೈಟ್‌ಗೆ ಇಲ್ಲ.

ಕರೆಂಟಿನ ಲೆಕ್ಕವನ್ನೂ ಹಾಕಿಕೊಳ್ಳಿ, ಏಕೆಂದರೆ ನಿಮ್ಮ ಕಡೆ ಮರ ಬಿದ್ದರೆ ಎರಡು ಮೂರು ದಿನ ಕತ್ತಲೆ ಸಾಮಾನ್ಯ. 10,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ ಒಳಗಿನ 3.7 ವೋಲ್ಟ್ ಲೆಕ್ಕದಲ್ಲಿ 37 ವ್ಯಾಟ್-ಅವರ್ (ತುಂಬಿಟ್ಟ ವಿದ್ಯುತ್ತಿನ ಅಳತೆ). ಅದನ್ನು ಇನ್ನೊಂದು ಸಾಧನಕ್ಕೆ ದಾಟಿಸುವಾಗ ಕಾಲುಭಾಗಕ್ಕೂ ಮಿಕ್ಕಿ ನಷ್ಟವಾಗುತ್ತದೆ. ಐಪ್ಯಾಡ್‌ನ ಬ್ಯಾಟರಿಯೇ ಸುಮಾರು 29 ವ್ಯಾಟ್-ಅವರ್. ಎ9 ಪ್ಲಸ್‌ನ 7040 ಎಂಎಎಚ್ ಬ್ಯಾಟರಿಯೂ ಅದರ ಹತ್ತಿರಕ್ಕೆ ಬರುತ್ತದೆ. ಅಂದರೆ ಅಷ್ಟು ದೊಡ್ಡದೆಂದು ಕೊಂಡ ಪವರ್ ಬ್ಯಾಂಕ್ ಒಂದು ಟ್ಯಾಬನ್ನು ಒಮ್ಮೆ ತುಂಬಿಸುವಷ್ಟರಲ್ಲಿ ಮುಗಿಯುತ್ತದೆ, ಫೋನಿಗೆ ಏನೂ ಉಳಿಯುವುದಿಲ್ಲ. 20,000ದ್ದನ್ನು ಕೊಳ್ಳಿ, ಮಳೆಗಾಲದಲ್ಲಿ ಅದನ್ನು ಫೋನಿಗೇ ಮೀಸಲಿಡಿ.

ಟ್ಯಾಬ್ ಮನೆಯಲ್ಲಿ ಹಗಲು ರಾತ್ರಿ ಚಾರ್ಜರ್‌ನಲ್ಲಿಯೇ ಇದ್ದರೆ ಬ್ಯಾಟರಿ ಊದಿಕೊಂಡು ಪರದೆ ಮೇಲೇಳಬಹುದು. ಅಂಥದನ್ನು ಒತ್ತಿ ಕೂರಿಸಲು ಹೋಗದೆ ತಕ್ಷಣ ಬಳಕೆ ನಿಲ್ಲಿಸಬೇಕು. ಗುಡುಗು ಶುರುವಾದ ಕೂಡಲೇ ಚಾರ್ಜರ್ ಕಿತ್ತಿಡುವ ಅಭ್ಯಾಸ ನಿಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಉತ್ತರ 3: ಜಗಲಿ ಮೇಷ್ಟ್ರು (ಸಾಗರ)

ತಂಗಿಗೆ ನಮಸ್ಕಾರ. ಇಬ್ಬರೂ ತಿಳಿದವರೇ, ಆದರೆ ಇಬ್ಬರೂ ಕಣ್ಣಿನ ವಿಷಯ ಬಿಟ್ಟಿದ್ದಾರೆ. ಒಂದೇ ಕೊಳ್ಳುವುದಾದರೆ ಫೋನೇ ಎಂಬ ತೀರ್ಪನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನನಗೆ 68 ವರ್ಷ. ಫೋನಿನಲ್ಲಿ ಪಿಡಿಎಫ್ ಓದುವುದೆಂದರೆ ಒಂದು ಸಾಲಿಗೆ ಎರಡು ಸಲ ಎಳೆದಾಡುವುದು. ಸಾಲಿನ ಕೊನೆ ಸಿಕ್ಕುವಾಗ ಮೊದಲು ಮರೆತಿರುತ್ತದೆ. ಮಗಳು ಕೊಡಿಸಿದ ಐಪ್ಯಾಡ್‌ನಲ್ಲಿ ಯಕ್ಷಗಾನ ಪ್ರಸಂಗದ ಹಳೆಯ ಮುದ್ರಣಗಳ ಸ್ಕ್ಯಾನ್ ಪ್ರತಿಯನ್ನು ಪುಟ ಪೂರ್ತಿ ಒಂದೇ ನೋಟಕ್ಕೆ ಓದುತ್ತೇನೆ. ಹಾಳೆ ಮಗುಚುವಷ್ಟೇ ಸಲೀಸು. ನಾಲ್ಕು ವರ್ಷವಾದರೂ ವೇಗ ತಗ್ಗಿಲ್ಲ, ಅಪ್‌ಡೇಟ್ ನಿಂತಿಲ್ಲ; ಅಗ್ಗದ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಇದನ್ನು ನಿರೀಕ್ಷಿಸುವುದು ಕಷ್ಟ. ಗೂಗಲ್ ಪಿಕ್ಸೆಲ್ 8ರಿಂದ, ಸ್ಯಾಮ್ಸಂಗ್ ಎಸ್24ರಿಂದ ಏಳು ವರ್ಷದ ಭರವಸೆ ಕೊಟ್ಟಿವೆ ಎಂಬುದು ನಿಜವಾದರೂ ಆ ಭರವಸೆ ಶುರುವಾದದ್ದು ದುಬಾರಿ ಫೋನುಗಳಲ್ಲಿ; ಕಡಿಮೆ ಬೆಲೆಯ ಎಲ್ಲ ಟ್ಯಾಬ್‌ಗಳಿಗೂ ಅದು ಇಳಿದು ಬಂದಿಲ್ಲ. ಕೊಳ್ಳುವಾಗ ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಎಂದು ಕೇಳಿ, ಅದು ಬಿಡುಗಡೆಯಾದ ವರ್ಷದಿಂದ ಎಣಿಸಿ. ನೀವು ಕೊಂಡ ದಿನದಿಂದಲ್ಲ.

ಕನ್ನಡದ ಒಂದು ತೊಡಕನ್ನು ಹೇಳಲೇಬೇಕು. ಹಳೆಯ 'ನುಡಿ' ತಂತ್ರಾಂಶದ ಅಕ್ಷರಗಳಲ್ಲಿ, ಅಂದರೆ ಈಗ ಎಲ್ಲೆಡೆ ಬಳಸುವ ಯುನಿಕೋಡ್ ಅಕ್ಷರಕ್ರಮಕ್ಕೆ ಮೊದಲಿನ ಕ್ರಮದಲ್ಲಿ ಟೈಪ್ ಮಾಡಿದ ಕಡತಗಳು ಕಚೇರಿಗಳಿಂದ ಈಗಲೂ ಬರುತ್ತವೆ. ಅವನ್ನು ಟ್ಯಾಬ್‌ನಲ್ಲಾಗಲಿ ಫೋನಿನಲ್ಲಾಗಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಕಳಿಸುವವರಿಗೆ ಪಿಡಿಎಫ್ ಮಾಡಿ ಕಳಿಸಿ ಎಂದು ಹೇಳಿದರೆ ಅಕ್ಷರವೂ ಅದರೊಳಗೇ ಬರುವುದರಿಂದ ಓದಲು ಅಡ್ಡಿಯಿಲ್ಲ, ಆದರೆ ಹೆಸರು ಹುಡುಕಿದರೆ ಸಿಗುವುದಿಲ್ಲ, ನಕಲು ಮಾಡಿ ಅಂಟಿಸಿದರೆ ಮತ್ತೆ ಅದೇ ಗೊಂದಲ. ನಿಮ್ಮ ಪಟ್ಟಿಯ ಮಾದರಿ ಕಂಪ್ಯೂಟರಿನಲ್ಲಿ ಹಾಗೆ ತಯಾರಾಗಿದ್ದರೆ ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಹೊಸದಾಗಿ ಬರೆಯಲು ಯಾವ ಸಾಧನದಲ್ಲಿಯೂ ಕಷ್ಟವಿಲ್ಲ. ಗೂಗಲ್ 2017ರಲ್ಲಿಯೇ ಕನ್ನಡವನ್ನು ಮಾತಾಡಿ ಬರೆಸುವ ಸೌಲಭ್ಯ ಕೊಟ್ಟಿತು. ನಮ್ಮ ಕಡೆಯ ಮಾತನ್ನು ಅದು ಈಗ ತಕ್ಕಮಟ್ಟಿಗೆ ಹಿಡಿಯುತ್ತದೆ. ದಬ್ಬೆ (ಅಡಿಕೆ ಮರದ ಸೀಳು), ಸೋಗೆ (ಗರಿ) ಎಂದರೆ ಮಾತ್ರ ಏನೇನೋ ಬರೆದು ನಗಿಸುತ್ತದೆ.

ನಿಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ನನ್ನ ವಯಸ್ಸಿನವರಿದ್ದರೆ, ದೊಡ್ಡ ಪರದೆಯಲ್ಲಿ ಮೊತ್ತ ತೋರಿಸುವುದು ಅಲಂಕಾರದ ಮಾತಲ್ಲ. ಕಾಣದ ಅಂಕಿಗೆ ಯಾವ ಹಿರಿಯನೂ ಹೂಂ ಎನ್ನುವುದಿಲ್ಲ.

ಹನಿನೀರು:

ಮೂವರಿಗೂ ಕೃತಜ್ಞತೆಗಳು. ಮೇಷ್ಟ್ರೇ, ನಿಮ್ಮ ಮಾತು ನನ್ನ ಮನಸ್ಸಿನಲ್ಲಿದ್ದದ್ದೇ. ಆದರೆ ಯುಪಿಐ ಲೆಕ್ಕ ಓದಿದ ಮೇಲೆ ಐಪ್ಯಾಡ್ ಒಂದನ್ನೇ ಕೊಳ್ಳುವ ವಿಚಾರವನ್ನು ಬಿಟ್ಟಿದ್ದೇನೆ. ನಿನ್ನೆ ಶಿವಮೊಗ್ಗಕ್ಕೆ ಹೋದಾಗ ಅಂಗಡಿಯ ಹೊರಗೆ, ಬಿಸಿಲಿನಲ್ಲಿ, ಟ್ಯಾಬ್ ಮತ್ತು ಫೋನ್ ಎರಡನ್ನೂ ಹಿಡಿದು ನೋಡಿದೆ. ಒಳಗೆ ಅಷ್ಟು ಚೆನ್ನಾಗಿ ಕಂಡ ಟ್ಯಾಬ್‌ನ ಪರದೆಯಲ್ಲಿ ಹೊರಗೆ ನನ್ನ ಮುಖವೇ ಕಂಡಿತು. ಫೋನಿನ ಪರದೆ ಮಾತ್ರ ಓದಲು ಬರುತ್ತಿತ್ತು. ತೋಟದ ನೆರಳಿನಲ್ಲಿ ಪರವಾಗಿಲ್ಲವೇನೋ, ಗದ್ದೆಯ ಬದುವಿನಲ್ಲಿ ಕಷ್ಟ. ಈಗ ನನ್ನ ಯೋಚನೆ ಇಷ್ಟು: ಸುಮಾರು 20,000ದ ಒಳಗಿನ ಒಂದು ಫೋನ್, ಉಳಿದದ್ದರಲ್ಲಿ ವೈಫೈ ಟ್ಯಾಬ್, ತೋಟದಲ್ಲಿ ಬೇಕಾದರೆ ಫೋನಿನಿಂದಲೇ ಟ್ಯಾಬ್‌ಗೆ ಹಾಟ್‌ಸ್ಪಾಟ್. ಮನೆಯಲ್ಲಿ ಸಿಗ್ನಲ್ ಇಲ್ಲದಿರುವುದಕ್ಕೆ ಫೋನಿನ ಆಯ್ಕೆಯಲ್ಲಿ ಏನಾದರೂ ಪರಿಹಾರವಿದೆಯೇ?

ಹಿನ್ನೀರಿನಾಚೆ:

ಇದೆ, ಎರಡು ಸಂಗತಿ ಕೇಳಿಕೊಳ್ಳಿ. ಮೊದಲನೆಯದು ವೈಫೈ ಕಾಲಿಂಗ್. ಮನೆಗೆ ಫೈಬರ್ ಬಂದಿರುವುದರಿಂದ, ಟವರ್ ಇಲ್ಲದಿದ್ದರೂ ನಿಮ್ಮ ಸಂಖ್ಯೆಗೆ ಬರುವ ಸಾಮಾನ್ಯ ಕರೆಯೇ ವೈಫೈ ಮೂಲಕ ಬರುತ್ತದೆ. ಏರ್‌ಟೆಲ್ 2019ರ ಕೊನೆಗೆ, ಜಿಯೋ 2020ರ ಮೊದಲಿಗೆ ಇದನ್ನು ಆರಂಭಿಸಿದವು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಹೆಸರಿನ ಆಯ್ಕೆ ಇರಬೇಕು, ನಿಮ್ಮ ಕಂಪನಿಯ ಸಿಮ್ ಹಾಕಿದಾಗ ಅದು ಆನ್ ಆಗಬೇಕು. ಕರೆಂಟ್ ಹೋದರೆ ರೂಟರ್ ಸಾಯುತ್ತದೆ, ಕರೆಯೂ ಸಾಯುತ್ತದೆ. ರೂಟರ್‌ಗೆಂದು ಸಿಗುವ ಸಣ್ಣ ಯುಪಿಎಸ್ ಹಾಕಿಸಿಕೊಂಡರೆ ಒಂದಷ್ಟು ಗಂಟೆ ನಡೆಯುತ್ತದೆ.

ಎರಡನೆಯದು ಬ್ಯಾಂಡ್, ಅಂದರೆ ಸಿಗ್ನಲ್ ಓಡುವ ತರಂಗಗಳ ಪಟ್ಟಿ. ಬಿಎಸ್‌ಎನ್‌ಎಲ್ 2025ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಘೋಷಿಸಿದ 4ಜಿ ಜಾಲ 700 ಮತ್ತು 2100 ಮೆಗಾಹರ್ಟ್ಸ್‌ಗಳಲ್ಲಿ ಓಡುತ್ತದೆ. ಕಡಿಮೆ ಮೆಗಾಹರ್ಟ್ಸ್‌ನ ತರಂಗ ಹೆಚ್ಚು ದೂರ ಹೋಗುತ್ತದೆ, ಮರ, ಗೋಡೆಗಳನ್ನು ಹೆಚ್ಚು ಚೆನ್ನಾಗಿ ದಾಟುತ್ತದೆ. ಗುಡ್ಡದ ನೆರಳಿನಲ್ಲಿರುವ ಮನೆಗಳಿಗೆ 700 ಸಿಕ್ಕರೆ ಅದೇ ದೊಡ್ಡದು. ಅದು ಬ್ಯಾಂಡ್ 28. ಕೊಳ್ಳುವ ಫೋನಿನ 4ಜಿ ಬ್ಯಾಂಡ್‌ಗಳ ಪಟ್ಟಿಯಲ್ಲಿ 28 ಇದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ನೋಡಿ, ಅಂಗಡಿಯವರ ಮಾತಿಗೆ ಬಿಡಬೇಡಿ. 5ಜಿ ಎಂದು ದೊಡ್ಡದಾಗಿ ಬರೆದಿದ್ದಕ್ಕೆ ಹಣ ಕೊಡಬೇಕಾದ ಪರಿಸ್ಥಿತಿ ನಿಮ್ಮ ದಿಣ್ಣೆಯ ಮೇಲೆ ಇನ್ನೂ ಬಂದಂತಿಲ್ಲ. ಯಾವ ಕಂಪನಿಯ ಸಿಗ್ನಲ್ ಎಷ್ಟಿದೆ ಎಂದು ತಿಳಿಯಲು ನೆಂಟರ ಸಿಮ್‌ಗಳನ್ನು ಒಂದೊಂದಾಗಿ ಹಾಕಿಕೊಂಡು ಮನೆ ಸುತ್ತ ಒಮ್ಮೆ ನಡೆದುಬಿಡಿ.

ರಿಪೇರಿ ಮೇಜು:

ಒಂದು ಸೇರ್ಪಡೆ. ಹಣ ಉಳಿಸಲು ಹಳೆಯ ಫೋನ್ ಕೊಳ್ಳುವ ಯೋಚನೆ ಬಂದರೆ, *#06# ಒತ್ತಿ ಬರುವ ಐಎಂಇಐ ಸಂಖ್ಯೆಯನ್ನು (ಫೋನಿನ ಗುರುತಿನ ಸಂಖ್ಯೆಯನ್ನು) ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಪರಿಶೀಲಿಸದೆ ಹಣ ಎಣಿಸಬೇಡಿ. ಬಿಲ್ಲನ್ನಂತೂ ಕೇಳಿ ಪಡೆಯಿರಿ.

ಹನಿನೀರು:

ಮೂರು ವಾರದ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ. ಹಳೆಯದರ ಗೊಡವೆಗೆ ಹೋಗದೆ, ಬ್ಯಾಂಡ್ 28 ಮತ್ತು ವೈಫೈ ಕಾಲಿಂಗ್ ಎರಡೂ ಇರುವ ಹೊಸ ಫೋನನ್ನೇ ತೆಗೆದುಕೊಂಡೆ; ಜೊತೆಗೆ 11 ಇಂಚಿನ ವೈಫೈ ಟ್ಯಾಬ್, ಜಿಪಿಎಸ್ ಇರುವುದನ್ನು ಅಂಗಡಿಯಲ್ಲಿಯೇ ನಕ್ಷೆ ತೆರೆದು, ರಸ್ತೆಗೆ ಬಂದು ನಡೆದು ಖಚಿತಪಡಿಸಿಕೊಂಡೆ. ಅಂಗಡಿಯ ಹುಡುಗ ಟ್ಯಾಬ್ ಎತ್ತಿಕೊಂಡು ಓಡಿದರೇನು ಗತಿ ಎಂಬಂತೆ ನನ್ನ ಹಿಂದೆಯೇ ಬಂದ. ಪೆನ್‌ನ ಆಸೆಯನ್ನು ಈ ಬಾರಿಗೆ ಬಿಟ್ಟೆ. ನಕ್ಷೆಯನ್ನು ಮೊದಲಿನಂತೆ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದು ಫೋಟೊ ತೆಗೆದರೆ ಟ್ಯಾಬ್‌ನಲ್ಲಿ ದೊಡ್ಡದಾಗಿ ಕಾಣುತ್ತದೆ, ಸದ್ಯಕ್ಕೆ ಸಾಕು.

ಮನೆಯೊಳಗೆ ಕರೆ ಬರುತ್ತಿದೆ. ಮೊದಲ ದಿನ ಒಲೆಯ ಮುಂದೆ ನಿಂತಿದ್ದಾಗ ಫೋನ್ ಹೊಡೆದುಕೊಂಡದ್ದಕ್ಕೆ ಅಮ್ಮ ಗಾಬರಿಯಾದರು, ದಿಣ್ಣೆಯ ಮೇಲಲ್ಲದೆ ಮನೆಯೊಳಗೆ ಅದರ ಸದ್ದನ್ನು ಅವರು ಕೇಳಿರಲೇ ಇಲ್ಲ. ಟ್ಯಾಬ್ ಸಂಜೆ ಆರರ ನಂತರ ನನ್ನದಲ್ಲ. ಅಪ್ಪಯ್ಯ ಮತ್ತು ಅಣ್ಣನ ಮಗಳ ನಡುವೆ ಅದರ ಪಾಲುಪಟ್ಟಿ ಆಗಿದೆ. ಮಳೆಗೆ ಅದನ್ನು ಹೊರಗೆ ಒಯ್ಯುವುದಿಲ್ಲ, ಚೀಲದಿಂದ ತೆಗೆಯುವುದು ಗಿರಾಕಿಯ ಮನೆಯ ಒಳಜಗಲಿಯಲ್ಲಿ ಮಾತ್ರ. ಸಂಖ್ಯೆ ತುಂಬಿಸಿದ ಮೇಲೆ ಆ ಪುಟವನ್ನು ಬೀಗ ಹಾಕಿ, ಆಮೇಲೆ ತೋರಿಸುವ ಕ್ರಮ ಇಟ್ಟುಕೊಂಡಿದ್ದೇನೆ.

ಜಿಪಿಎಸ್ ಬಗ್ಗೆ ಹೇಳಿದ್ದನ್ನು ನಮ್ಮ ತೋಟದಲ್ಲಿಯೇ ಪರೀಕ್ಷಿಸಿದೆ. ಟೇಪು ಹಿಡಿದು ಅಳೆದರೆ 38 ಗುಂಟೆ. ಫೋನ್ ಹಿಡಿದು ಬೇಲಿಯ ಪಕ್ಕ ಒಂದು ಸುತ್ತು ಬಂದರೆ 43. ಮರುದಿನ ಮೋಡ ಕವಿದಿದ್ದಾಗ ಅದೇ ದಾರಿಯಲ್ಲಿ ಇನ್ನೊಂದು ಸುತ್ತು ಬಂದೆ, 41 ಎಂದಿತು. ಟೇಪಿನ ತುದಿ ಹಿಡಿಯಲು ಜೊತೆಗೆ ಬರುವ ಹುಡುಗನಿಗೆ ಈ ವರ್ಷವೂ ಕೆಲಸವಿದೆ.